ಹೊಸಿಲು ದಾಟಿ ಬಂದವರು

ಅಮೆರಿಕದ ಗಂಡು, ಚೀನಾದ ಹೆಣ್ಣು. ಆಕೆಗೆ ಆಗಲೇ ಒಂದು ಮಗುವಿದೆ, ಮಗುವಿನ ತಂದೆ ಜೊತೆಗಿಲ್ಲ. ಇಬ್ಬರಲ್ಲೂ ಪ್ರೀತಿ ಮೂಡುತ್ತದೆ. ಇಂಥ ಕಥೆ ಟಿ.ವಿ.ಯಲ್ಲಿ ಬಂದರೆ ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ನಮ್ಮ ಮನೆಗಳಲ್ಲಿ ಯಾರೂ ಎದ್ದು ಹೋಗುವುದಿಲ್ಲ. ಕೊನೆಯಲ್ಲಿ ಮದುವೆಯಾದರೆ ಅಜ್ಜಿಯೂ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಾರೆ. ಆದರೆ ಬೆಂಗಳೂರಿನಲ್ಲಿ ಕೆಲಸಕ್ಕಿರುವ ಮನೆಮಗ ಫೋನ್ ಮಾಡಿ, "ಅಪ್ಪಯ್ಯ, ನಾನು ಮದುವೆಯಾಗಬೇಕೆಂದಿರುವವಳು ಬೇರೆ ಭಾಷೆಯವಳು, ಅವಳಿಗೊಂದು ಮಗುವೂ ಇದೆ" ಎಂದರೆ? ಅಂದು ಆ ಮನೆಯಲ್ಲಿ ಒಲೆ ಹೊತ್ತುವುದೇ ಅನುಮಾನ.

"ಅಮೆರಿಕದವರಿಗೆ ಇದೆಲ್ಲ ಸಲೀಸು, ನಮಗಲ್ಲ" ಎನ್ನುವವರುಂಟು. ವಿದ್ಯಾರ್ಥಿಗಳು ಇತಿಹಾಸ ಓದಬೇಕು. 1882ರಿಂದ 1943ರವರೆಗೆ ಅಮೆರಿಕ ಕಾನೂನು ಮಾಡಿ ಚೀನಾದ ಕಾರ್ಮಿಕರಿಗೆ ಬಾಗಿಲು ಹಾಕಿತ್ತು. ಕ್ಯಾಲಿಫೋರ್ನಿಯಾದಲ್ಲಿ ಬಿಳಿಯರು ಚೀನೀಯರನ್ನು ಮದುವೆಯಾಗುವಂತಿರಲಿಲ್ಲ. ಆ ರಾಜ್ಯದ ನ್ಯಾಯಾಲಯ ಈ ನಿರ್ಬಂಧವನ್ನು ತೆಗೆದುಹಾಕಿದ್ದು 1948ರಲ್ಲಿ. ಇಡೀ ದೇಶದಲ್ಲಿ ಜನಾಂಗ ಮೀರಿದ ಮದುವೆ ಕಾನೂನುಬದ್ಧವಾದದ್ದು 1967ರಲ್ಲಿ, ಅಲ್ಲಿನ ಸುಪ್ರೀಂ ಕೋರ್ಟಿನ ತೀರ್ಪಿನಿಂದ. ಅಂದಿಗೂ 16 ರಾಜ್ಯಗಳಲ್ಲಿ ಅದು ನಿಷಿದ್ಧವಾಗಿತ್ತು. ನಮ್ಮಲ್ಲಾದರೋ 1954ರಲ್ಲೇ ವಿಶೇಷ ವಿವಾಹ ಕಾಯ್ದೆ ಬಂದು, ಜಾತಿ ಮತ ಬಿಡದೆಯೇ ಬೇರೆ ಜಾತಿ ಮತದವರನ್ನು ಮದುವೆಯಾಗುವ ಅವಕಾಶ ಸಿಕ್ಕಿತು. ಕಾಗದದ ಮೇಲೆ ನಾವೇ ಮುಂದಿದ್ದೆವು. ಕಾಗದಕ್ಕೂ ಜಗಲಿಗೂ ನಡುವೆ ಇರುವ ದೂರವೇ ನಮ್ಮ ಕಷ್ಟ.

ಆ ದೂರವನ್ನು ದಾಟಿದವರು ನಮ್ಮ ಕಡೆಯೇ ಇದ್ದಾರೆ. ತೀರ್ಥಹಳ್ಳಿ ತಾಲ್ಲೂಕಿನ ಮೇಳಿಗೆಯಲ್ಲಿ 1932ರಲ್ಲಿ ಹುಟ್ಟಿದ ಯು.ಆರ್. ಅನಂತಮೂರ್ತಿ ಸಂಪ್ರದಾಯಸ್ಥ ಬ್ರಾಹ್ಮಣ ಮನೆತನದವರು. 1956ರಲ್ಲಿ ಅವರು ಕ್ರೈಸ್ತರಾದ ಎಸ್ತರ್ ಅವರನ್ನು ಮದುವೆಯಾದರು. ಅನಂತಮೂರ್ತಿಯವರು 2014ರಲ್ಲಿ ತೀರಿಕೊಳ್ಳುವವರೆಗೂ, ಅಂದರೆ 58 ವರ್ಷ, ಆ ದಾಂಪತ್ಯ ನಡೆಯಿತು.

ಅವರ ಕಾದಂಬರಿ 'ಸಂಸ್ಕಾರ' 1965ರಲ್ಲಿ ಬಂತು. 1970ರಲ್ಲಿ ಸಿನಿಮಾ ಆಯಿತು. ಅದರ ಚಿತ್ರೀಕರಣ ನಡೆದದ್ದು ಶೃಂಗೇರಿ ಬಳಿಯ ವೈಕುಂಠಪುರದಲ್ಲಿ. ಅಗ್ರಹಾರದ ಕಟ್ಟಳೆ ಮುರಿದು ಚಂದ್ರಿ ಎಂಬವಳೊಡನೆ ಬಾಳಿದ ನಾರಣಪ್ಪ ಸತ್ತಾಗ ಶವಸಂಸ್ಕಾರ ಮಾಡುವವರು ಯಾರು ಎಂಬುದು ಕಥೆ. ಇನ್ನು ಕ್ಯಾಮೆರಾದ ಹಿಂದೆ ಮುಂದೆ ನಿಂತವರನ್ನು ನೋಡಿ. ನಿರ್ದೇಶಕ ಪಟ್ಟಾಭಿರಾಮ ರೆಡ್ಡಿ ತೆಲುಗರು. ಚಂದ್ರಿಯ ಪಾತ್ರ ಮಾಡಿದ ಅವರ ಪತ್ನಿ ಸ್ನೇಹಲತಾ ಕ್ರೈಸ್ತ ಮನೆತನದವರು. ಛಾಯಾಗ್ರಾಹಕ ಟಾಮ್ ಕೋವನ್ ಆಸ್ಟ್ರೇಲಿಯಾದವರು. ಪರದೆಯ ಮೇಲೆ ಅಗ್ರಹಾರ ಹೆದರುತ್ತಿದ್ದುದು ಯಾವುದಕ್ಕೋ, ಅದು ಪರದೆಯ ಹಿಂದೆ ಒಟ್ಟಿಗೆ ಕೂತು ಊಟ ಮಾಡುತ್ತಿತ್ತು!

ಪಟ್ಟಾಭಿ–ಸ್ನೇಹಲತಾ ದಂಪತಿಗಳ ಬಾಳು ಮುರಿದದ್ದು ಭಾಷೆ ಧರ್ಮಗಳ ತಿಕ್ಕಾಟದಿಂದ ಅಲ್ಲ. ತುರ್ತುಪರಿಸ್ಥಿತಿಯಲ್ಲಿ, 1976ರಲ್ಲಿ, ಸ್ನೇಹಲತಾ ಅವರನ್ನು ಬಂಧಿಸಿ ಬೆಂಗಳೂರಿನ ಜೈಲಿನಲ್ಲಿಟ್ಟರು. ಅವರಿಗೆ ಉಬ್ಬಸದ ಕಾಯಿಲೆಯಿತ್ತು. 1977ರ ಜನವರಿಯಲ್ಲಿ ಪೆರೋಲಿನ ಮೇಲೆ ಬಿಡುಗಡೆಯಾದ ಕೆಲವೇ ದಿನಗಳಲ್ಲಿ ತೀರಿಕೊಂಡರು.

ಆ ಚಿತ್ರದಲ್ಲಿ ಪ್ರಾಣೇಶಾಚಾರ್ಯರಾದವರು ಗಿರೀಶ ಕಾರ್ನಾಡರು. ಅವರ ತಾಯಿ ಕೃಷ್ಣಾಬಾಯಿಯವರ ಬದುಕು ನಾವು ಆರಂಭದಲ್ಲಿ ಹೇಳಿದ ಕಥೆಗೆ ಇನ್ನೂ ಹತ್ತಿರ. ಚಿಕ್ಕ ವಯಸ್ಸಿನಲ್ಲೇ ವಿಧವೆಯಾದರು, ಮಡಿಲಲ್ಲಿ ಒಬ್ಬ ಮಗ. ಬದುಕಿಗಾಗಿ ನರ್ಸ್ ತರಬೇತಿಗೆ ಸೇರಿದರು. ಅಲ್ಲಿ ಡಾ. ರಘುನಾಥ ಕಾರ್ನಾಡರ ಪರಿಚಯವಾಯಿತು. ಇಬ್ಬರೂ ಒಂದೇ ಸಮಾಜದವರು, ಮನೆಮಾತೂ ಒಂದೇ. ಆದರೂ ವಿಧವಾ ವಿವಾಹವೆಂದರೆ ಜನ ಕಿವಿ ಮುಚ್ಚಿಕೊಳ್ಳುತ್ತಿದ್ದ ಕಾಲವದು. ಐದು ವರ್ಷ ಕಾದು, 1928ರಲ್ಲಿ ಆರ್ಯಸಮಾಜದ ವಿಧಿಯಲ್ಲಿ ಮದುವೆಯಾದರು. ಅಂದರೆ, ಭಾಷೆ ದೇಶಗಳ ಗಡಿಗಿಂತ ಹೆಣ್ಣಿನ ಮಡಿಲಲ್ಲಿರುವ ಮಗುವೇ ಸಮಾಜಕ್ಕೆ ದೊಡ್ಡ ಗಡಿಯಾಗಿ ಕಂಡಿತ್ತು.

ಕಾನೂನು ಕೂಡ ಈ ವಿಷಯದಲ್ಲಿ ಪೂರ್ತಿ ಉದಾರವಾಗಿರಲಿಲ್ಲ. 1856ರ ವಿಧವಾ ಪುನರ್ವಿವಾಹ ಕಾಯ್ದೆ ಮರುಮದುವೆಗೆ ಅನುಮತಿ ಕೊಟ್ಟಿತು, ನಿಜ. ಆದರೆ ಮರುಮದುವೆಯಾದವಳಿಗೆ ಮೊದಲ ಗಂಡನ ಆಸ್ತಿಯಲ್ಲಿ ಹಕ್ಕು ತಪ್ಪುತ್ತಿತ್ತು; ಮಕ್ಕಳ ಪೋಷಣೆಗೆ ಬೇರೊಬ್ಬರನ್ನು ನೇಮಿಸಿ ಎಂದು ಗಂಡನ ಕಡೆಯವರು ಕೋರ್ಟಿಗೆ ಅರ್ಜಿ ಹಾಕಬಹುದಿತ್ತು. ಹೊಸ ಬಾಳೋ ಮಗುವೋ ಎಂದು ತಾಯಿಯನ್ನು ಕೇಳಿದ ಹಾಗೆ! ಆ ಕಾಯ್ದೆ ರದ್ದಾದದ್ದು 1983ರಲ್ಲಿ.

ಈಗ ನನ್ನ ವಿಷಯಕ್ಕೆ, ವಿಜ್ಞಾನಕ್ಕೆ ಬರುತ್ತೇನೆ. "ಬೇರೆಯವರನ್ನು ತಂದರೆ ರಕ್ತ ಕೆಡುತ್ತದೆ" ಎಂಬ ಮಾತನ್ನು ಓದಿದವರ ಬಾಯಲ್ಲೂ ಕೇಳುತ್ತೇವೆ. ರಕ್ತನಿಧಿಯ ಬಾಟಲಿಯ ಮೇಲೆ ಎ, ಬಿ, ಎಬಿ, ಓ ಎಂದು ಬರೆದಿರುತ್ತದೆ, ಆರ್‌ಎಚ್ ಗುರುತು ಇರುತ್ತದೆ. ಗೋತ್ರ, ಭಾಷೆ, ದೇಶ ಇರುವುದಿಲ್ಲ. ಭೂಮಿಯ ಮೇಲಿನ ಯಾವ ಇಬ್ಬರನ್ನು ತೆಗೆದುಕೊಂಡರೂ ಅವರ ಡಿ.ಎನ್.ಎ. ಶೇಕಡಾ 99.9ರಷ್ಟು ಒಂದೇ. ಇನ್ನು ನಮ್ಮ ತೋಟಗಳನ್ನೇ ನೋಡಿ. ಬಾಳೆಹೊನ್ನೂರಿನ ಸಮೀಪ 1925ರಲ್ಲಿ ಶುರುವಾದ ಕಾಫಿ ಸಂಶೋಧನಾ ಕೇಂದ್ರ ನಮಗೆ ಕೊಟ್ಟ ಎಸ್. 795 ತಳಿ ಶುದ್ಧ ಒಂದೇ ಕುಲದ್ದಲ್ಲ. ಅರೇಬಿಕಾ ಮತ್ತು ಲೈಬೀರಿಕಾ ಬೆರೆತ ಗಿಡದ ಸಂತತಿಗೆ ಕೆಂಟ್ ತಳಿಯನ್ನು ಕೂಡಿಸಿ ಪಡೆದದ್ದು ಅದು. ಆದರೆ ಮನುಷ್ಯರಿಗೆ ಕಾಫಿ ಗಿಡದ ಲೆಕ್ಕ ಹಾಕಬಾರದು. ಬೇರೆ ದೇಶದವರನ್ನು ಮದುವೆಯಾದರೆ ಮಕ್ಕಳು ಜಾಣರಾಗುತ್ತಾರೆ ಎಂಬುದೂ ಮೂಢನಂಬಿಕೆಯೇ. ವಿಜ್ಞಾನ ಹೇಳುವುದು ಇಷ್ಟೇ: ಅಡ್ಡಿ ರಕ್ತದಲ್ಲಿಲ್ಲ.

ಹಾಗಾದರೆ ಎಲ್ಲಿದೆ? ಅಡುಗೆಮನೆಯಲ್ಲಿ, ದೇವರ ಮನೆಯಲ್ಲಿ, ನೆಂಟರ ಬಾಯಲ್ಲಿ. ನಮ್ಮ ಮೂರು ತಾಲ್ಲೂಕುಗಳಲ್ಲಿ ಶೃಂಗೇರಿಯ ಶಾರದಾ ಪೀಠವಿದೆ, ಬಾಳೆಹೊನ್ನೂರಿನ ರಂಭಾಪುರಿ ಪೀಠವಿದೆ, ನರಸಿಂಹರಾಜಪುರದಲ್ಲಿ ಸಿಂಹನಗದ್ದೆಯ ಜೈನ ಬಸದಿಯಿದೆ, ಕೇರಳದಿಂದ ಬಂದು ನೆಲೆಸಿದ ಕ್ರೈಸ್ತರಿದ್ದಾರೆ. ಸಂತೆಯಲ್ಲಿ, ಬಸ್ಸಿನಲ್ಲಿ, ಶಾಲೆಯ ಬೆಂಚಿನ ಮೇಲೆ ಎಲ್ಲರೂ ಒಟ್ಟಿಗೆ ಇರುತ್ತೇವೆ. ಹೊಸಿಲಿನ ಮಾತು ಬಂದಾಗ ಮಾತ್ರ ಬೇರೆಯಾಗುತ್ತೇವೆ. ಕೊಪ್ಪ ತಾಲ್ಲೂಕಿನ ಹಿರೇಕೊಡಿಗೆಯಲ್ಲಿ ಹುಟ್ಟಿದ ಕುವೆಂಪು ಅವರು ಜಾತಿ, ವರದಕ್ಷಿಣೆ, ಆಡಂಬರಗಳಿಲ್ಲದ ಮಂತ್ರಮಾಂಗಲ್ಯವನ್ನು ರೂಪಿಸಿ, 1966ರಲ್ಲಿ ಮಗ ಪೂರ್ಣಚಂದ್ರ ತೇಜಸ್ವಿಯವರ ಮದುವೆಯನ್ನು ಹಾಗೆಯೇ ಮಾಡಿದರು. ಊರಿಗೆ ಉಪದೇಶ ಮಾಡುವ ಮೊದಲು ತಮ್ಮ ಮನೆಯ ಹೊಸಿಲಿನಿಂದ ಆರಂಭಿಸಿದರು.

ವಿದ್ಯಾರ್ಥಿಗಳಿಗೆ ಒಂದು ಮಾತು. ಇದನ್ನೋದಿ ನಾಳೆಯೇ ಓಡಿಹೋಗುವ ಯೋಚನೆ ಮಾಡಬೇಡಿ. ವಿಶೇಷ ವಿವಾಹ ಕಾಯ್ದೆಯ ಪ್ರಕಾರ ಗಂಡಿಗೆ 21, ಹೆಣ್ಣಿಗೆ 18 ತುಂಬಿರಬೇಕು. ವಿವಾಹಾಧಿಕಾರಿಗೆ ನೋಟಿಸು ಕೊಟ್ಟು 30 ದಿನ ಕಾಯಬೇಕು. ಮೂವರು ಸಾಕ್ಷಿಗಳು ಬೇಕು. ಇದು ಕಾನೂನಿನ ಲೆಕ್ಕ. ಬಾಳಿನ ಲೆಕ್ಕ ಇದಕ್ಕಿಂತ ದೊಡ್ಡದು. ಕೃಷ್ಣಾಬಾಯಿಯವರು ಮೊದಲು ಕೆಲಸ ಕಲಿಯಲು ಹೊರಟರು, ಆಮೇಲೆ ಐದು ವರ್ಷ ಕಾದರು. ಸ್ವಂತ ಅನ್ನ, ಕಾಯುವ ತಾಳ್ಮೆ ಎರಡೂ ಇದ್ದರೆ ಪ್ರೀತಿಗೆ ಬಲ ಬರುತ್ತದೆ. ಮಗುವಿರುವ ಹೆಣ್ಣನ್ನು ಮೆಚ್ಚಿದ ಹುಡುಗನಾದರೆ ತನ್ನನ್ನೇ ಕೇಳಿಕೊಳ್ಳಲಿ: ರಾತ್ರಿ ಎರಡು ಗಂಟೆಗೆ ಜ್ವರ ಬಂದ ಆ ಮಗುವನ್ನು ಎತ್ತಿಕೊಂಡು ನಾನು ಆಸ್ಪತ್ರೆಗೆ ಓಡುವೆನೇ? ಉತ್ತರ ಬರುವವರೆಗೆ ಮದುವೆಯ ಮಾತು ಬೇಡ.

ತಂದೆತಾಯಿಗಳು ಪ್ರಶ್ನೆ ಕೇಳಲೇಬೇಕು; ಅದು ಅವರ ಹಕ್ಕು. ಯಾವ ಜಾತಿ, ಜನ ಏನೆಂದಾರು ಎನ್ನುವುದರ ಬದಲು, ಸ್ವಭಾವ ಹೇಗೆ, ಕುಡಿತವಿದೆಯೇ, ಸಾಲವಿದೆಯೇ, ಸಿಟ್ಟು ಬಂದಾಗ ಹೇಗೆ ನಡೆದುಕೊಳ್ಳುತ್ತಾರೆ ಎಂದು ಕೇಳಿ. ಸ್ವಜಾತಿಯ ಸಂಬಂಧಗಳಲ್ಲಿ ಈ ಪ್ರಶ್ನೆಗಳನ್ನು ಕೇಳದೆ ಕಣ್ಣೀರು ಹಾಕಿದ ಮನೆಗಳು ನಮ್ಮಲ್ಲಿ ಕಡಿಮೆಯಿಲ್ಲ.

ಆ ಹೆಣ್ಣಿನೊಂದಿಗೆ ಒಂದು ಮಗುವೂ ಬಂದರೆ ಅದನ್ನು ಜಗಲಿಯಲ್ಲಿ ಕೂರಿಸಿ ದೊಡ್ಡವರ ತೀರ್ಮಾನಕ್ಕೆ ಕಾಯಿಸಬೇಡಿ. ಗಡಿ ದಾಟುವ ನಿರ್ಧಾರ ಮಾಡಿದ್ದು ಅದಲ್ಲ. "ನಿನ್ನಪ್ಪ ಎಲ್ಲಿ?" ಎಂದು ಕೇಳಬೇಡಿ; ಹೆಸರು ಕೇಳಿ, ತಿಂಡಿ ಕೊಡಿ. ಉಳಿದದ್ದನ್ನು ಬೇಕೆನಿಸಿದಾಗ ಅದೇ ನಿಮಗೆ ಹೇಳುತ್ತದೆ.