ಬಿಸಿಲಿರೋ ಮನೆಗೆ ಲೈಟಿನ ಕುಂಡ ಯಾಕ್ರೀ?

ಹೋದ ತಿಂಗಳು ಮುಂಡರಗಿ ಕಡೆಯ ಹುಡುಗನೊಬ್ಬ ಲಕ್ಷ್ಮೇಶ್ವರದ ನಮ್ಮ ತೋಟಕ್ಕೆ ಬಂದಿದ್ದ. ಮೊಬೈಲಿನಲ್ಲಿ ವಿಡಿಯೋ ತೋರಿಸಿದ. ಗುಲಾಬಿ ಬೆಳಕಿನ ಕೋಣೆ, ಸಾಲು ಸಾಲು ಪ್ಲಾಸ್ಟಿಕ್ ಟ್ರೇ, ತುಂಬಾ ಸೊಪ್ಪು. "ಅಣ್ಣಾರ, ಎರಡು ಲಕ್ಷ ಸಾಲ ತಗೊಂಡು ಗದಗಿನ್ಯಾಗ ಒಂದು ರೂಮ್ ಬಾಡಿಗಿ ಹಿಡೀತೀನ್ರಿ. ಕೊತ್ತಂಬರಿ, ಪುದೀನ ಒಳಗ ಬೆಳೀತೀನಿ. ಹೆಂಗ ಅನಸ್ತೈತಿ?" ಅಂದ.

ಬೇಡ ಅಂತ ಒಂದೇ ಮಾತಿನಲ್ಲಿ ಹೇಳಬಹುದಿತ್ತು. ಅದರ ಬದಲು ಅವನನ್ನು ಬೆಟಗೇರಿಯ ನಮ್ಮ ಅಕ್ಕನ ಮನೆಗೆ ಕರೆದುಕೊಂಡು ಹೋದೆ. ಅಲ್ಲಿ ನಾನೇ ಮಾಡಿಕೊಟ್ಟ ಲೈಟಿನ ಕುಂಡ ಇದೆ. ಎರಡೂ ಕಡೆ ಮನೆ ಒತ್ತಿಕೊಂಡಿರುವ ಓಣಿ ಅದು, ಮಾಳಿಗೆ ಬೇರೆಯವರದು. ಅಡುಗೆಮನೆಯೊಳಗೆ ಬಿಸಿಲು ಇಣುಕೂದಿಲ್ಲ. ಇಂಥ ಮನೆಗೆ ಈ ಕುಂಡ ಯೋಗ್ಯ. ಮಾಡೂದೂ ಕಠಿಣ ಅಲ್ಲ.

15 ಲೀಟರಿನ ಅಡುಗೆ ಎಣ್ಣೆಯ ನಾಲ್ಕು ಖಾಲಿ ಕ್ಯಾನ್ ತೊಳೆದು, ಅಡ್ಡ ಮಲಗಿಸಿ, ಮೇಲಿನ ಬದಿ ಪೂರಾ ಕತ್ತರಿಸಿದೆ. ಕೆಳಗೆ ಎಂಟ್ಹತ್ತು ತೂತು, ಅದರಡಿ ಒಂದು ತಟ್ಟೆ. ಔಷಧ ಅಥವಾ ಪೇಂಟಿನ ಕ್ಯಾನ್ ಮಾತ್ರ ಎಷ್ಟು ತೊಳೆದರೂ ಬೇಡ. ಎರಿಮಣ್ಣು ತುಂಬಬೇಡಿ, ಕ್ಯಾನಿನಲ್ಲಿ ಅದು ನೀರು ಹಿಡಿದು ಬೇರು ಕೊಳೆಸುತ್ತದೆ. ಕೆಂಪು ಮಣ್ಣು, ಎರೆಗೊಬ್ಬರ, ತೆಂಗಿನ ನಾರಿನ ಪುಡಿ ಸಮಸಮ ಸಾಕು.

ಬೆಳಕಿಗೆ 20 ವ್ಯಾಟ್‌ನ ಎರಡು ಬಿಳಿ ಎಲ್‌ಇಡಿ ಟ್ಯೂಬ್. ಗುಲಾಬಿ ಲೈಟ್ ಬೇಕಾಗಿಲ್ಲ. ಗಿಡದ ತುದಿಯಿಂದ ಒಂದು ಗೇಣು ಮೇಲೆ ಹಗ್ಗದಲ್ಲಿ ತೂಗುಬಿಟ್ಟು, ಗಿಡ ಬೆಳೆದಂತೆ ಏರಿಸಬೇಕು. ದೂರ ಇಟ್ಟರೆ ಗಿಡ ಬೆಳಕು ಹುಡುಕಿ ಸಣಕಲಾಗಿ ಬಾಗುತ್ತದೆ. ದಿನಕ್ಕೆ 12 ತಾಸು ಸಾಕು. ಹೆಚ್ಚು ತಾಸು ಉರಿಸಿದರೆ ಕೊತ್ತಂಬರಿ ಬೇಗ ಹೂ ಬಿಡುತ್ತದೆ. ವೈರ್ ಮತ್ತು ಸ್ವಿಚ್ ನೀರು ಸಿಡಿಯದ ಎತ್ತರದಲ್ಲಿರಲಿ.

ಕೊತ್ತಂಬರಿ ಬೀಜವನ್ನು ಉಜ್ಜಿ ಎರಡು ಹೋಳು ಮಾಡಿ, ರಾತ್ರಿ ನೆನೆಸಿ ಹಾಕಿ. ಮೊಳಕೆಗೆ ಎಂಟ್ಹತ್ತು ದಿನ, ಕೊಯ್ಲಿಗೆ 40 ದಿನ ಬೇಕು. ಮೆಂತ್ಯ 25 ದಿನದೊಳಗೆ ಕೈಗೆ ಬರುತ್ತದೆ. ನಮ್ಮ ಕಡೆ ಬೋರಿನ ನೀರಲ್ಲಿ ಉಪ್ಪು ಜಾಸ್ತಿ. ಸಣ್ಣ ಕ್ಯಾನಿನಲ್ಲಿ ಅದು ಬೇಗ ಕೂಡುತ್ತದೆ, ಮಣ್ಣಿನ ಮೇಲೆ ಬಿಳಿ ಪದರು ಕಾಣುತ್ತದೆ. ಮಳೆ ನೀರು ಅಥವಾ ನದಿ ನೀರಿನ ನಳದ ನೀರು ಹಾಕಿ. ಹದಿನೈದು ದಿನಕ್ಕೊಮ್ಮೆ ತಳದಿಂದ ಹರಿಯುವಷ್ಟು ಸುರಿದು ಉಪ್ಪು ತೊಳೆಯಿರಿ. ಫಿಲ್ಟರ್ ಮಷೀನಿನಿಂದ ಹೊರಗೆ ಬೀಳುವ ನೀರಂತೂ ಹಾಕಲೇಬೇಡಿ.

ಇಷ್ಟೆಲ್ಲ ತೋರಿಸಿ, ಹುಡುಗನನ್ನು ಅಲ್ಲೇ ಕೂರಿಸಿ ಲೆಕ್ಕ ಮಾಡಿದೆ. ಎರಡು ಟ್ಯೂಬಿಗೆ 40 ವ್ಯಾಟ್, 12 ತಾಸು, 30 ದಿನ: 14.4 ಯೂನಿಟ್. ಯೂನಿಟ್ಟಿಗೆ 6 ರೂಪಾಯಿ ಹಿಡಿದರೆ ತಿಂಗಳಿಗೆ 86 ರೂಪಾಯಿ. ಅಕ್ಕನಿಗೆ ಸಿಗುವುದು ತಿಂಗಳಿಗೆ ಹನ್ನೆರಡರಿಂದ ಹದಿನೈದು ಸಣ್ಣ ಕಟ್ಟು. ಕಟ್ಟಿಗೆ 10 ರೂಪಾಯಿ ಅಂದರೂ 150. ಅದರಲ್ಲಿ ಬೀಜ, ಗೊಬ್ಬರ ಕಳೆಯಿರಿ. ಅಕ್ಕನಿಗೆ ಇದು ಲಾಭವೇ, ಬೇಕಾದಾಗ ಒಂದು ಹಿಡಿ ಹಸಿ ಸೊಪ್ಪು ಕೈಗೆ ಸಿಗುತ್ತದೆ. ಆದರೆ ನೂರಕ್ಕೆ ಎರಡರ ಬಡ್ಡಿಗೆ ಎರಡು ಲಕ್ಷ ತಂದವನು ತಿಂಗಳಿಗೆ 4,000 ಬಡ್ಡಿಯನ್ನೇ ಕಟ್ಟಬೇಕು, ಬಾಡಿಗೆ ಬೇರೆ.

"ಗೃಹಜ್ಯೋತಿ ಐತೆಲ್ರಿ, ಕರೆಂಟ್ ಪುಕ್ಕಟ್ಟೆ" ಅಂದ. ಅದು ಮನೆ ಬಳಕೆಗೆ, ತಮ್ಮಾ, ವ್ಯಾಪಾರಕ್ಕಲ್ಲ. ಮನೆಗಾದರೂ ಹಿಂದಿನ ಸರಾಸರಿಯ ಮೇಲೆ ಒಂದಿಷ್ಟು ಹೆಚ್ಚುವರಿ ಮಾತ್ರ. ಮಿತಿ ದಾಟಿದರೆ ಬಿಲ್ ಬಂದೇ ಬರುತ್ತದೆ.

ನನ್ನ ಅಭಿಪ್ರಾಯ ಇಷ್ಟೇ. ಲೈಟಿನ ಕುಂಡ ಅಡುಗೆಮನೆಯ ಸಾಮಾನು, ಅದನ್ನು ಕೃಷಿ ಅಂತ ಮಾರಬಾರದು. ತೋಟಗಾರಿಕೆ ಓದಿದ ನಾವೇ ಇದನ್ನು ಬಾಯಿಬಿಟ್ಟು ಹೇಳದಿದ್ದರೆ ವಿಡಿಯೋಗಳು ಹೇಳಿದ್ದೇ ನಿಜ ಆಗುತ್ತದೆ. ನಮ್ಮ ಜಿಲ್ಲೆಯಲ್ಲಿ ನೀರಿಗೆ ಬರ, ಬಿಸಿಲಿಗಲ್ಲ. ಪುಕ್ಕಟೆ ಸಿಗುವ ಬಿಸಿಲನ್ನು ಹೊರಗೆ ಬಿಟ್ಟು, ಒಳಗೆ ದುಡ್ಡು ಕೊಟ್ಟು ಬೆಳಕು ಕೊಳ್ಳೂದು ಯಾವ ಲೆಕ್ಕ?

ಆ ಹುಡುಗನಿಗೆ ಎರಡು ಎಕರೆ ಹೊಲ ಇದೆ, ಬೋರಿನಲ್ಲಿ ಎರಡು ಇಂಚು ನೀರಿದೆ. ಏಪ್ರಿಲ್-ಮೇನಲ್ಲಿ ಬಯಲಿನ ಕೊತ್ತಂಬರಿ ಸುಡುತ್ತದೆ, ದರ ಏರುತ್ತದೆ. ಆಗ ಐದು ಗುಂಟೆಗೆ ಶೇ 50ರ ನೆರಳುಪರದೆ ಕಟ್ಟಿ, ವಾರಕ್ಕೊಂದು ಮಡಿಯಂತೆ ಬಿತ್ತು ಅಂತ ಹೇಳಿ ಕಳಿಸಿದೆ. ಇನ್ನೂ ಫೋನ್ ಮಾಡಿಲ್ಲ. ಸಾಲದ ಅರ್ಜಿಗೆ ಸಹಿ ಹಾಕೂದಕ್ಕಿಂತ ಮುಂಚೆ ಈ ಲೆಕ್ಕವನ್ನು ಇನ್ನೊಮ್ಮೆ ಮಾಡಿದರೆ ಸಾಕು.

ನಿಮ್ಮ ಮನೆಯಲ್ಲೂ ಇಂಥ ಹುಡುಗರಿದ್ದರೆ ಬೈಯಬೇಡಿ. ಮೊದಲು ನಾಲ್ಕು ಖಾಲಿ ಕ್ಯಾನ್ ಕೊಟ್ಟು, ಮೂರು ತಿಂಗಳು ಬೆಳೆದು ತೋರಿಸು ಅನ್ನಿ.