ಹೆರಿಗೆ ವಾರ್ಡಿನ ಲೆಕ್ಕಕ್ಕೆ ಸಿಗದ ಕೂಸುಗಳು

ನಂಜನಗೂಡು, ತಿ. ನರಸೀಪುರದಂತಹ ತಾಲ್ಲೂಕು ಕೇಂದ್ರಗಳ ಆಸ್ಪತ್ರೆಯಲ್ಲಿ ಹುಟ್ಟಿದ ಕೂಸಿನ ತುಟಿ ಸೀಳಿದ್ದರೆ, ಪಾದ ಒಳಮುಖವಾಗಿ ತಿರುಚಿಕೊಂಡಿದ್ದರೆ ಹೆರಿಗೆ ಮಾಡಿಸಿದವರಿಗೆ ಆ ಕ್ಷಣವೇ ತಿಳಿಯುತ್ತದೆ. ಹೃದಯದಲ್ಲಿ ರಂಧ್ರವಿದ್ದರೆ? ಕಿವಿ ಕೇಳಿಸದಿದ್ದರೆ?

ನವಜಾತ ಶಿಶುಗಳಲ್ಲಿ ಜನ್ಮಜಾತ ನ್ಯೂನತೆ ಎಷ್ಟು ಸಾಮಾನ್ಯ ಎಂಬ ಪ್ರಶ್ನೆಗೆ ಒಂದೇ ಉತ್ತರ ದೊರೆಯದಿರುವುದು ಇದರಿಂದಲೇ. ಹೆರಿಗೆ ಆಸ್ಪತ್ರೆಗಳ ಅಧ್ಯಯನಗಳು ಸಾಮಾನ್ಯವಾಗಿ ನೂರಕ್ಕೆ 2-3 ಎನ್ನುತ್ತವೆ. 2013ರಲ್ಲಿ ಆರಂಭಗೊಂಡ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ಅಂದಾಜು 6-7. ಮೊದಲನೆಯದು ಬಹುಮಟ್ಟಿಗೆ ಕಣ್ಣಿಗೆ ಕಂಡದ್ದರ ಎಣಿಕೆ; ಎರಡನೆಯದರಲ್ಲಿ ತಡವಾಗಿ ಬಯಲಾಗುವುದೂ ಸೇರಿದೆ. ಸಾವಿರ ಕೂಸುಗಳಲ್ಲಿ 8-9ಕ್ಕೆ ಹೃದಯದೋಷವಿರುತ್ತದೆ. ಹಾಲು ಕುಡಿಯುವಾಗ ಬೆವರುವುದು, ಏದುಸಿರು, ತೂಕ ಏರದಿರುವುದು ಮುಂತಾದ ಲಕ್ಷಣಗಳು ಹಲವು ಬಾರಿ ಗೋಚರಿಸುವುದು ತಾಯಿ ಮನೆ ಸೇರಿದ ವಾರಗಳ ನಂತರ.

ನಮ್ಮ ಸೀಮೆಯಲ್ಲಿ ಲೆಕ್ಕ ತಪ್ಪಲು ಇನ್ನೊಂದು ಕಾರಣವುಂಟು. ಚೊಚ್ಚಲ ಹೆರಿಗೆ ತವರಿನಲ್ಲಾಗಬೇಕೆಂಬುದು ವಾಡಿಕೆ. ಬಸುರಿಯ ಹೆಸರು ಗಂಡನ ಊರಿನ ಆಶಾ ಕಾರ್ಯಕರ್ತೆಯ ಪುಸ್ತಕದಲ್ಲಿ. ಹೆರಿಗೆ ತವರಿನ ತಾಲ್ಲೂಕಿನಲ್ಲಿ. ತೊಡಕಾದರೆ ಮೈಸೂರಿನ ಚೆಲುವಾಂಬ ಆಸ್ಪತ್ರೆಯಲ್ಲಿ. ಬಾಣಂತನ ಮುಗಿದ ಮೇಲೆ ಮತ್ತೆ ಗಂಡನ ಮನೆ. ಈ ಓಡಾಟದ ನಡುವೆ ಮಗುವಿನ ಬೆನ್ನು ಹತ್ತಿ ವಿಚಾರಿಸುವವರು ಯಾರು? ಶ್ರವಣದೋಷಕ್ಕಂತೂ ಕಾಲವೇ ಮುಖ್ಯ: ಒಂದು ತಿಂಗಳೊಳಗೆ ತಪಾಸಣೆ, ಮೂರು ತಿಂಗಳೊಳಗೆ ದೃಢೀಕರಣ, ಆರು ತಿಂಗಳೊಳಗೆ ಚಿಕಿತ್ಸೆ. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯು ನಂಜನಗೂಡು ತಾಲ್ಲೂಕಿನ ಹುಲ್ಲಹಳ್ಳಿಯವರೆಗೂ ತನ್ನ ಸೇವೆಯನ್ನು ವಿಸ್ತರಿಸಿದೆ. ಗ್ರಾಮೀಣ ಭಾಗಕ್ಕೆ ಇದು ಅಪರೂಪದ ಅನುಕೂಲವೇ ಸರಿ. ಆದರೆ ಕೂಸು ಅಲ್ಲಿಗೆ ತಲುಪಬೇಕಲ್ಲ.

ಇನ್ನು ಕಾರಣದ ಮಾತು. ಗ್ರಹಣದ ದಿನ ಬಸುರಿ ಕತ್ತಿ ಹಿಡಿದಳೆಂದೇ ಮಗುವಿನ ತುಟಿ ಸೀಳಿತೆಂದು ದೂರುವವರು ಇಂದಿಗೂ ಇದ್ದಾರೆ. ಅದೇ ಹಿರಿಯರು ಸೋದರಮಾವನಿಗೆ ಹೆಣ್ಣು ಕೊಡುವಾಗ ಈ ಚಿಂತೆ ಮಾಡಿರುವುದಿಲ್ಲ. 1980ರ ದಶಕದಲ್ಲಿ ಬೆಂಗಳೂರು ಮತ್ತು ಮೈಸೂರಿನ ಒಂದು ಲಕ್ಷಕ್ಕೂ ಅಧಿಕ ದಂಪತಿಗಳ ಅಧ್ಯಯನದಲ್ಲಿ ಸುಮಾರು ಶೇ. 31ರಷ್ಟು ರಕ್ತಸಂಬಂಧದ ಮದುವೆಗಳಾಗಿದ್ದವು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ರಾಜ್ಯದ ಪ್ರಮಾಣ ಸುಮಾರು ಶೇ. 27. ಇವನ್ನು ನೇರವಾಗಿ ಹೋಲಿಸಲಾಗದು; ಪದ್ಧತಿ ಅಳಿದಿಲ್ಲವೆಂಬುದಂತೂ ಸ್ಪಷ್ಟ. ಹೀಗೆ ಮದುವೆಯಾದವರಲ್ಲಿ ಬಹುತೇಕರ ಮಕ್ಕಳು ಆರೋಗ್ಯವಂತರೇ. ಆದರೆ ಅತ್ತೆ-ಮಾವಂದಿರ ಮಕ್ಕಳ ನಡುವಣ ವಿವಾಹದಲ್ಲಿ ನ್ಯೂನತೆಯ ಸಂಭವ ನೂರಕ್ಕೆ ಎರಡು-ಮೂರರಷ್ಟು ಹೆಚ್ಚುತ್ತದೆ. ಸೋದರಮಾವನಾದರೆ ಇನ್ನೂ ಅಧಿಕ.

ತಡೆಯಬಹುದಾದದ್ದರಲ್ಲಿಯೂ ನಾವು ತಡವಾಗುತ್ತಿದ್ದೇವೆ. ಮಿದುಳು ಮತ್ತು ಬೆನ್ನುಹುರಿ ರೂಪುಗೊಳ್ಳುವ ನಾಳವು ಗರ್ಭ ಕಟ್ಟಿದ 28 ದಿನಗಳೊಳಗೆ ಮುಚ್ಚಿಕೊಳ್ಳುತ್ತದೆ. ಅದು ಸರಿಯಾಗಿ ಮುಚ್ಚಿಕೊಳ್ಳಲು ಫೋಲಿಕ್ ಆಮ್ಲ ಬೇಕು. ಆ ಹೊತ್ತಿಗೆ ಎಷ್ಟೋ ಹೆಂಗಸರಿಗೆ ತಾವು ಬಸುರಿಯೆಂದೇ ತಿಳಿದಿರುವುದಿಲ್ಲ. ತಾಯಿ ಕಾರ್ಡ್ ಮಾಡಿಸಿ ಮಾತ್ರೆ ಪಡೆಯುವಷ್ಟರಲ್ಲಿ ಗಡುವು ಮುಗಿದಿರುತ್ತದೆ. 2018ರ ಅನೀಮಿಯಾ ಮುಕ್ತ ಭಾರತ ಯೋಜನೆಯಡಿ ಗರ್ಭಿಣಿಯರಲ್ಲದ 20ರಿಂದ 49 ವರ್ಷದ ಮಹಿಳೆಯರಿಗೂ ವಾರಕ್ಕೊಂದು ಕಬ್ಬಿಣಾಂಶ-ಫೋಲಿಕ್ ಆಮ್ಲದ ಮಾತ್ರೆ ಸಿಗಬೇಕು. ಹೊಸದಾಗಿ ಮದುವೆಯಾದ ಎಷ್ಟು ಹೆಣ್ಣುಮಕ್ಕಳ ಕೈಗೆ ಅದು ಸೇರಿದೆಯೆಂದು ಈ ಎರಡು ತಾಲ್ಲೂಕುಗಳ ಮುಂದಿನ ಕೆಡಿಪಿ ಸಭೆಯಲ್ಲಿ ಶಾಸಕರು ಆರೋಗ್ಯಾಧಿಕಾರಿಗಳನ್ನು ಕೇಳಲಿ.