ಮೈಕ್ರೋ ಆರ್‌ಎನ್‌ಎ ಬರಲಿ, ಮೊದಲು ಗುಳಿಗೆ ಬರಲಿ

2024ರ ವೈದ್ಯಕೀಯ ನೊಬೆಲ್ ವಿಕ್ಟರ್ ಆಂಬ್ರೋಸ್ ಮತ್ತು ಗ್ಯಾರಿ ರವ್‌ಕುನ್ ಅವರಿಗೆ ಬಂದದ್ದು ಮೈಕ್ರೋ ಆರ್‌ಎನ್‌ಎಯನ್ನು ಕಂಡುಹಿಡಿದದ್ದಕ್ಕೆ. 1993ರಲ್ಲಿ ಅವರು ವಿವರಿಸಿದ್ದು ಒಂದು ಮಿಲಿಮೀಟರ್ ಉದ್ದದ ಹುಳದೊಳಗಿನ ಸಂಗತಿ. ಆ ಹುಳಕ್ಕೂ ಕಲಘಟಗಿ ತಾಲ್ಲೂಕಿನ ನಮ್ಮ ಬಮ್ಮಿಗಟ್ಟಿಗೂ ಏನು ಸಂಬಂಧ ಅಂತೀರಾ? ಸಂಬಂಧ ಇದೆ. ಅದರ ಹೆಸರು ಮೂರ್ಛೆರೋಗ. ನಮ್ಮ ಕಡೆ ಫಿಟ್ಸ್ ಅಂತಾರೆ.

ಜೀವಕೋಶದಲ್ಲಿ ಡಿಎನ್‌ಎಯ ಆದೇಶವನ್ನು ಹೊತ್ತು ತರುವುದು ಮೆಸೆಂಜರ್ ಆರ್‌ಎನ್‌ಎ. ಆ ಆದೇಶದಂತೆ ಪ್ರೋಟೀನ್ ತಯಾರಾಗುತ್ತದೆ. ಸುಮಾರು 22 ಅಕ್ಷರಗಳಷ್ಟು ಪುಟ್ಟದಾದ ಮೈಕ್ರೋ ಆರ್‌ಎನ್‌ಎ ಆ ಆದೇಶಕ್ಕೆ ಅಂಟಿಕೊಂಡು ಅದನ್ನು ತಡೆಯುತ್ತದೆ. ಡಬ್ಲಿನ್‌ನ ಡೇವಿಡ್ ಹೆನ್‌ಶಾಲ್ ತಂಡ 2012ರಲ್ಲಿ ತೋರಿಸಿದ್ದು ಹೀಗೆ: ಮೂರ್ಛೆರೋಗ ಇರುವ ಮಿದುಳಿನಲ್ಲಿ ಮಿರ್-134 ಎಂಬ ಮೈಕ್ರೋ ಆರ್‌ಎನ್‌ಎ ಹೆಚ್ಚಿರುತ್ತದೆ. ಇಲಿಗಳಲ್ಲಿ ಅದರ ಬಾಯಿ ಕಟ್ಟಿದಾಗ ಮೂರ್ಛೆ ಬಹುಪಾಲು ಕಡಿಮೆಯಾಯಿತು, ಪರಿಣಾಮ ವಾರಗಟ್ಟಲೆ ಉಳಿಯಿತು.

ಇದು ಯಾಕೆ ದೊಡ್ಡದು? ಈಗಿನ ಗುಳಿಗೆಗಳು ನರಕೋಶಗಳ ವಿದ್ಯುತ್ ಅಬ್ಬರವನ್ನು ತಣ್ಣಗೆ ಮಾಡುತ್ತವೆ, ರೋಗದ ಬೇರು ಹಾಗೇ ಇರುತ್ತದೆ. ಸುಮಾರು ಶೇ 30ರಷ್ಟು ರೋಗಿಗಳಿಗೆ ಯಾವ ಗುಳಿಗೆಯೂ ಸರಿಯಾಗಿ ಕೆಲಸ ಮಾಡುವುದಿಲ್ಲ. ಈ ಸಂಶೋಧನೆ ಮುಖ್ಯವಾಗಿ ಅವರಿಗಾಗಿ. ಹಾಗಾಗಿ 'ಇಲಿ ಮೇಲಿನ ಪ್ರಯೋಗ ನಮಗ್ಯಾಕೆ' ಅನ್ನುವ ಮಾತನ್ನು ನಾನು ಒಪ್ಪುವುದಿಲ್ಲ. ಹುಳದ ಮೇಲೆ ದುಡ್ಡು ಹಾಕದಿದ್ದರೆ ಈ ದಾರಿಯೇ ತೆರೆಯುತ್ತಿರಲಿಲ್ಲ.

ಆದರೆ ದಾರಿ ಉದ್ದ ಇದೆ. ಇಂಥ ಔಷಧಿ ರಕ್ತದಿಂದ ಮಿದುಳಿಗೆ ಸುಲಭವಾಗಿ ದಾಟುವುದಿಲ್ಲ. ಒಂದೇ ಮೈಕ್ರೋ ಆರ್‌ಎನ್‌ಎ ಹತ್ತಾರು ಆದೇಶಗಳನ್ನು ಹಿಡಿದಿಟ್ಟಿರುತ್ತದೆ, ಅದನ್ನು ಕಟ್ಟಿದರೆ ಬೇರೆ ಏನೇನು ಬಿಚ್ಚಿಕೊಳ್ಳುತ್ತದೋ ನೋಡಬೇಕು. ಜೊತೆಗೆ ಬೆಲೆ. ಎಸ್‌ಎಂಎ ಕಾಯಿಲೆಗೆ 2016ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆದ ನುಸಿನರ್ಸೆನ್ ಕೂಡ ಆರ್‌ಎನ್‌ಎಯನ್ನು ಗುರಿ ಮಾಡುವ ಔಷಧಿ. ಬೆನ್ನುಹುರಿಯ ಸುತ್ತಲಿನ ದ್ರವಕ್ಕೆ ಚುಚ್ಚಿ ಕೊಡಬೇಕು. ಒಪ್ಪಿಗೆ ಸಿಕ್ಕಾಗ ಮೊದಲ ವರ್ಷದ ಬೆಲೆ ಅಲ್ಲಿ 7.5 ಲಕ್ಷ ಡಾಲರ್ ಇತ್ತು.

ಈಗ ಇನ್ನೊಂದು ಲೆಕ್ಕ ನೋಡಿ. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ಜಗತ್ತಿನಲ್ಲಿ ಸುಮಾರು 5 ಕೋಟಿ ಜನರಿಗೆ ಮೂರ್ಛೆರೋಗ ಇದೆ. ಸರಿಯಾಗಿ ಪತ್ತೆಹಚ್ಚಿ ಔಷಧಿ ಕೊಟ್ಟರೆ ಶೇ 70ರಷ್ಟು ಜನ ಮೂರ್ಛೆ ಇಲ್ಲದೆ ಬದುಕಬಹುದು. ಬಡ ದೇಶಗಳಲ್ಲಿ ನಾಲ್ವರಲ್ಲಿ ಮೂವರಿಗೆ ಆ ಚಿಕಿತ್ಸೆಯೇ ಸಿಗುತ್ತಿಲ್ಲ. ನಿಮ್ಹಾನ್ಸ್ ತಜ್ಞರು 1990ರ ದಶಕದಲ್ಲಿ ಬೆಂಗಳೂರು ನಗರ ಮತ್ತು ಸುತ್ತಲಿನ ಹಳ್ಳಿಗಳ ಒಂದು ಲಕ್ಷಕ್ಕೂ ಹೆಚ್ಚು ಜನರ ಸಮೀಕ್ಷೆ ಮಾಡಿದಾಗ, ಮೂರ್ಛೆರೋಗದ ಪ್ರಮಾಣ ಹಳ್ಳಿಗಳಲ್ಲಿ ನಗರದ ಎರಡರಷ್ಟಿತ್ತು. ಆದರೆ ನರರೋಗ ತಜ್ಞರು ಎಲ್ಲಿರುತ್ತಾರೆ? ನಗರದಲ್ಲಿ.

ತಜ್ಞರಿಲ್ಲದೆಯೂ ಕೆಲಸ ಆಗುತ್ತದೆ ಅನ್ನುವುದಕ್ಕೆ ನಮ್ಮ ರಾಜ್ಯದಲ್ಲೇ ಸಾಕ್ಷಿ ಇದೆ. ಡಾ. ಕೆ.ಎಸ್. ಮಣಿ ಮತ್ತು ಸಂಗಡಿಗರು ಯಳಂದೂರಿನ ಹಳ್ಳಿಗಳಲ್ಲಿ ಫಿನೋಬಾರ್ಬಿಟೋನ್, ಫೆನಿಟೊಯಿನ್‌ನಂಥ ಅಗ್ಗದ ಗುಳಿಗೆಗಳಿಂದಲೇ ಮೂರ್ಛೆಯನ್ನು ಹಿಡಿತಕ್ಕೆ ತರಬಹುದು ಅಂತ ತೋರಿಸಿಕೊಟ್ಟರು. ಆ ಅಧ್ಯಯನ 2001ರಲ್ಲಿ ಪ್ರಕಟವಾಯಿತು. ಅಂದರೆ ಉತ್ತರ ಗೊತ್ತಾಗಿ ಎರಡು ದಶಕ ದಾಟಿದೆ.

ನಮ್ಮೂರಂಥ ಊರಲ್ಲಿ ಇವತ್ತಿಗೂ ಯಾರಾದರೂ ಮೂರ್ಛೆ ಬಿದ್ದರೆ ಕೈಯಾಗ ಕೀಲಿಕೈ ಕೊಡ್ತಾರೆ, ಮೂಗಿಗೆ ಉಳ್ಳಾಗಡ್ಡಿ ಹಿಡೀತಾರೆ. 'ದೇವರ ಕಾಟ ಐತಿ' ಅನ್ನೋರೂ ಇದ್ದಾರೆ. ಗುಳಿಗೆ ಮುಗಿದರೆ ಹುಬ್ಬಳ್ಳಿಗೋ ಧಾರವಾಡಕ್ಕೋ ಹೋಗಬೇಕು. ಒಂದು ದಿನದ ಕೂಲಿ ಹೋಯಿತು, ಬಸ್ ಚಾರ್ಜ್ ಬೇರೆ. ಬಿತ್ತಿಗೆ ಟೈಮಲ್ಲಿ ಯಾರು ಹೋಗ್ತಾರೆ? ಗುಳಿಗೆ ಒಮ್ಮೆಲೇ ನಿಂತರೆ ಮೂರ್ಛೆ ಇನ್ನೂ ಜೋರಾಗಿ ಬರುತ್ತದೆ.

ಹೆಣ್ಣುಮಕ್ಕಳ ಕಥೆ ಇನ್ನೂ ಕಷ್ಟ. ಮೂರ್ಛೆರೋಗದ ಕಾರಣಕ್ಕೆ ಮದುವೆ ರದ್ದು ಮಾಡಬಹುದು ಅನ್ನುವ ಮಾತನ್ನು ಹಿಂದೂ ವಿವಾಹ ಕಾಯ್ದೆಯಿಂದ 1999ರಲ್ಲೇ ಕಿತ್ತುಹಾಕಿದ್ದಾರೆ. ಆದರೆ ಕನ್ಯಾ ನೋಡೋಕೆ ಬಂದವರು ಕಾಯ್ದೆ ಓದಿಕೊಂಡು ಬರುವುದಿಲ್ಲ. ಹಾಗಾಗಿ ರೋಗ ಮುಚ್ಚಿಡುತ್ತಾರೆ. ಗಂಡನ ಮನೆಯಲ್ಲಿ ಗುಳಿಗೆ ನುಂಗಿದರೆ ಗೊತ್ತಾಗುತ್ತದೆ ಅಂತ ಅದನ್ನೂ ಬಿಡಿಸುತ್ತಾರೆ.

2022ರಲ್ಲಿ ಸರ್ಕಾರ ನಿಮ್ಹಾನ್ಸ್ ಜೊತೆ ಸೇರಿ ಮಿದುಳು ಆರೋಗ್ಯ ಕಾರ್ಯಕ್ರಮ ಶುರು ಮಾಡಿತು. ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೆ ಮೂರ್ಛೆರೋಗ ಗುರುತಿಸಲು ತರಬೇತಿ ಕೊಡುವ ಯೋಚನೆ ಅದರಲ್ಲಿದೆ. ದಿಕ್ಕು ಸರಿ ಇದೆ. ಆದರೆ ತರಬೇತಿ ಪಡೆದ ಡಾಕ್ಟರ್ ಇದ್ದು ಕಪಾಟಿನಲ್ಲಿ ಗುಳಿಗೆ ಇಲ್ಲದಿದ್ದರೆ ಏನು ಬಂತು?

ಮೈಕ್ರೋ ಆರ್‌ಎನ್‌ಎ ಔಷಧಿ ನಾಳೆಯೇ ಬಂದರೂ ಅದು ಹಳ್ಳಿ ಮುಟ್ಟುವುದು ಇದೇ ದಾರಿಯಲ್ಲಿ: ಇದೇ ಆಶಾ ಕಾರ್ಯಕರ್ತೆ, ಇದೇ ಆಸ್ಪತ್ರೆ, ಇದೇ ಕಪಾಟು. ಅಗ್ಗದ ಗುಳಿಗೆಯನ್ನೇ ತಲುಪಿಸದ ವ್ಯವಸ್ಥೆ ಲಕ್ಷಾಂತರ ರೂಪಾಯಿಯ ಇಂಜೆಕ್ಷನ್ ತಲುಪಿಸುತ್ತದೆ ಅಂತ ನಾನಂತೂ ನಂಬಲ್ಲ. ನಿಮ್ಮೂರಲ್ಲಿ ಮುಂದಿನ ಗ್ರಾಮಸಭೆ ನಡೆದಾಗ ರಸ್ತೆ, ಗಟಾರದ ಜೊತೆ ಇದನ್ನೂ ಕೇಳಿ: ನಮ್ಮ ದವಾಖಾನೆಯಲ್ಲಿ ಫಿಟ್ಸ್ ಗುಳಿಗೆ ಇದೆಯಾ? ಬರುವ ತಿಂಗಳಿಗೂ ಇರುತ್ತಾ?